ಹುಂಡಿಗೆ ಬಿದ್ದ ಕಾಗದ

ಗಣಿ ಭರಾಟೆಯ ಆ ವರ್ಷಗಳಲ್ಲಿ ನಮ್ಮ ಕಡೆ ಲಾರಿ ಕೊಳ್ಳದವನೇ ಪಾಪಿ. ಹೊಸಪೇಟೆಯ ನನ್ನ ಖಾನಾವಳಿಗೆ ದಿನಾ ಊಟಕ್ಕೆ ಬರುತ್ತಿದ್ದ ವಡ್ಡು ಊರಿನ ಹುಲುಗಪ್ಪನೂ ಸಾಲ ಮಾಡಿ ಒಂದನ್ನು ಕೊಂಡ. ಬಾಯಿ ತುಂಬ ಅಕ್ಕಾ ಎನ್ನುತ್ತಿದ್ದವನು, ಜಾಮೀನಿಗೆ ನಾನೇ ರುಜು ಹಾಕಿದೆ. ಕಂತು ತಪ್ಪಿತು. ಫೈನಾನ್ಸ್ ಕಂಪನಿ ಕೋರ್ಟಿಗೆ ಹೋಗಿ ಇಬ್ಬರ ಮೇಲೂ ಡಿಕ್ರಿ ತಂದಿತು. ಹುಲುಗಪ್ಪ ಲಾರಿ ಮಾರಿ ಬಾಕಿಯನ್ನೆಲ್ಲ ಕಟ್ಟಿ, ನನಗೆ ಪೇಢೆ ಕೊಟ್ಟುಹೋದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮರುವರ್ಷ ಖಾನಾವಳಿಯ ಕಟ್ಟಡವನ್ನು ಅದರ ಮಾಲೀಕ ಮಾರಲು ಹೊರಟ. ಬ್ಯಾಂಕಿನ ಸಾಲ ಸಿಕ್ಕರೆ ಕಟ್ಟಡ ನನ್ನದು, ಇಲ್ಲದಿದ್ದರೆ ಒಲೆ ಹೊತ್ತು ಬೀದಿಗೆ. ಮ್ಯಾನೇಜರ್ ಕಂಪ್ಯೂಟರ್ ನೋಡಿ, ನಿಮ್ಮ ಹೆಸರಿನಲ್ಲಿ ಡಿಕ್ರಿ ಹಾಗೇ ಇದೆ, ಸಾಲ ಬರುವುದಿಲ್ಲ ಎಂದರು. ನನ್ನ ವಕೀಲೆ ಭವ್ಯ ಬಿಡಿಸಿ ಹೇಳಿದಳು: ಹಣ ಕಟ್ಟಿದರಷ್ಟೇ ಸಾಲದು, ಕಟ್ಟಿದ್ದನ್ನು ಕೋರ್ಟಿನಲ್ಲಿ ಬರೆಸಬೇಕು. ಕಂಪನಿಯ ಶಾಖೆ ಬಾಗಿಲು ಹಾಕಿತ್ತು; ಬಾಕಿ ಇಲ್ಲವೆಂದು ಕಂಪನಿ ಹುಲುಗಪ್ಪನಿಗೆ ಕೊಟ್ಟಿದ್ದ ಪತ್ರ ನೋಡದೆ ಏನೂ ಹೇಳಲಾರೆ ಎಂದು ಅವರ ವಕೀಲರು ಕೈ ಚೆಲ್ಲಿದರು.

ಪತ್ರ ಕೇಳಿದರೆ ಹುಲುಗಪ್ಪ ತಲೆ ಕೆರೆದುಕೊಂಡ. "ಅದನ್ನ ಊರಮ್ಮನ ಹುಂಡಿಗೆ ಹಾಕೀನಿ ಅಕ್ಕಾ. ಹರಕಿ ಇತ್ತು."

ನನಗೆ ಪಿತ್ತ ನೆತ್ತಿಗೇರಿತು. ಎಲ್ಲರೂ ರೊಕ್ಕ ಹಾಕಿದರೆ ಈ ಮಹಾರಾಯ ಕಾಗದ ಹಾಕಿ ಬಂದಿದ್ದಾನೆ. ಊರಮ್ಮನ ಹಬ್ಬ ಬಂದಾಗಷ್ಟೇ ಆ ಹುಂಡಿ ತೆಗೆಯುವ ಪದ್ಧತಿ, ಹಬ್ಬಕ್ಕೆ ಇನ್ನೂ ಎರಡು ವರ್ಷವಿತ್ತು.

ನಾನೂ ಹುಲುಗಪ್ಪನೂ ವಡ್ಡಿಗೆ ಹೋಗಿ ಊರ ಹಿರಿಯರ ಮುಂದೆ ಕೂತೆವು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಜಾಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿದ್ದವರೆಲ್ಲ ಯಾರದ್ದೋ ಲಾರಿಗೆ ರುಜು ಹಾಕಿದವರೇ. ದೇವಿಯ ಅಪ್ಪಣೆ ಕೇಳಿ ಆಗಲೇ ಬೀಗ ತೆಗೆಸಿದರು.

ಚಿಲ್ಲರೆಯ ನಡುವೆ ಕುಂಕುಮ ಮೆತ್ತಿದ ಪತ್ರ ಸಿಕ್ಕಿತು. ಹಿಂದೆ ಹುಲುಗಪ್ಪನ ಸೊಟ್ಟ ಅಕ್ಷರ: 'ತಾಯಿ, ಗಂಗಾಂಬಿಕಾ ಅಕ್ಕಗ ನನ್ನಿಂದ ಕೇಡು ಬರದಂಗ ಕಾಪಾಡು.' ಬೈಯಲು ಮಾತು ಕೂಡಿಟ್ಟುಕೊಂಡಿದ್ದವಳು ಕಾಗದದ ಕುಂಕುಮವನ್ನು ಸೆರಗಿನಿಂದ ಒರೆಸಿ ಮಡಿಚಿಟ್ಟುಕೊಂಡೆ.

ಪತ್ರ ನೋಡಿ ಕಂಪನಿಯ ವಕೀಲರು ಹಣ ಮುಟ್ಟಿದೆಯೆಂದು ಕೋರ್ಟಿನಲ್ಲಿ ಒಪ್ಪಿಕೊಂಡರು. ಡಿಕ್ರಿ ತೀರಿತೆಂದು ದಾಖಲಾಯಿತು, ಬ್ಯಾಂಕಿನಲ್ಲೂ ನನ್ನ ಹೆಸರು ಚೊಕ್ಕಟವಾಯಿತು. ಸಾಲ ಮಂಜೂರಾದ ದಿನ ನನ್ನ ಒಲೆಯ ಮುಂದೆ ಕೂತು ಸಮಾಧಾನವಾಗುವಷ್ಟು ಅತ್ತೆ. ಹುಲುಗಪ್ಪ ಬಂದವನೇ ಕೋರ್ಟಿನ ಆದೇಶದ ನಕಲು ಎತ್ತಿಕೊಂಡು, ಊರಮ್ಮನ ಪಾದಕ್ಕೊಮ್ಮೆ ಮುಟ್ಟಿಸಿ ತರುತ್ತೇನೆ ಎಂದ. ನಾನು ಕಸಿದುಕೊಂಡೆ.

"ಕಾಯಿ ಎಷ್ಟಾದ್ರೂ ಒಡಿ, ಕಾಗದ ನನ್ನ ಹತ್ರಾನ ಇರ್ಲಿ. ಈಗ ಕೈ ತೊಳ್ಕೊಂಡು ಕುಂದ್ರಲೇ, ರೊಟ್ಟಿ ಆರ್ತಾವ."