ಹಿಡಿದಿಟ್ಟ ಸ್ವರ

"ಯಾರಿಗೋಸ್ಕರ ಕಾಯ್ತಾ ಇದೀಯಮ್ಮ ನೀನು?" ಎಂದು ಮೇಡಂ ಕೇಳಿದರು.

ಅವಳು ಪಿಟೀಲನ್ನು ಭುಜದಿಂದ ಇಳಿಸಲಿಲ್ಲ. ಪಕ್ಕದ ಕುರ್ಚಿಯಲ್ಲಿ ಮೊದಲ ಪಿಟೀಲಿನ ಹುಡುಗ, ಎತ್ತರದ ದೆಸೆಯಿಂದ ತರಗತಿಯಲ್ಲಿ ಏಣಿ ಎಂದೇ ಕರೆಸಿಕೊಳ್ಳುವವನು, ಕಮಾನನ್ನು ತೊಡೆಯ ಮೇಲೆ ಮಲಗಿಸಿ ಕಿಟಕಿಯಾಚೆ ನೋಡತೊಡಗಿದ. ಸಿಟ್ಟು ಬಂದಾಗ ಅವನು ಬೈಯುವುದಿಲ್ಲ, ಹೀಗೆ ಹೊರಗಿನ ಮರದ ಕಡೆ ತಿರುಗುತ್ತಾನೆ. ಅದೇ ಜಾಗದಲ್ಲಿ ಜೋಡಿವಾದನ ಮತ್ತೆ ಮುರಿದಿತ್ತು. ಸ್ವರದ ಹಾಳೆಯಲ್ಲಿ ಅವನು ಮುಂದಿನ ಸಾಲಿಗೆ ದಾಟಿದ್ದ. ಅವಳು ಹಿಂದಿನ ಸಾಲಿನ ಕೊನೆಯ ಸ್ವರವನ್ನು ಇನ್ನೂ ಎಳೆಯುತ್ತ ಕೂತಿದ್ದಳು.

ಇಲ್ಲಿ ನಿಲ್ಲಬೇಕೆಂದು ಗುರುತಿದೆಯಲ್ಲ ಎಂದು ಅವಳು ವಾದಿಸಿದಳು. ಬಾಗಿದ ಒಂದು ಗೆರೆ, ಅದರ ಕೆಳಗೊಂದು ಚುಕ್ಕಿ. ಅದು ಕಂಡಲ್ಲಿ ಸ್ವರವನ್ನು ತಾಳದ ಲೆಕ್ಕ ಮೀರಿ ಹಿಡಿದಿಡಬಹುದು. ಥಿಯರಿ ಮೇಷ್ಟ್ರು ಆ ಒಂದು ಗುರುತಿನ ಮೇಲೆ ಇಡೀ ಪಾಠ ಕೊರೆದಿದ್ದರು, ಹುಡುಗರು ಅದಕ್ಕೆ ಕಣ್ಣು ಎಂದು ಹೆಸರಿಟ್ಟಿದ್ದರು. ಮೇಡಂ ಬಗ್ಗಿ ಪೆನ್ಸಿಲಿನ ತುದಿಯನ್ನು ಸಾಲಿನುದ್ದಕ್ಕೂ ಓಡಿಸಿದರು. ಕಣ್ಣೂ ಇರಲಿಲ್ಲ, ರೆಪ್ಪೆಯೂ ಇರಲಿಲ್ಲ. ಬರೀ ಒಂದು ಸಾಧಾರಣ ಸ್ವರ, ಅದರ ಬೆನ್ನಿಗೇ ಮುಂದಿನದು.

"ಕೂಡಿ ನುಡಿಸೋದು ಅಂದ್ರೆ ಪಕ್ಕದಲ್ಲಿ ಕೂತವನ ಉಸಿರು ಕೇಳಿಸ್ಕೊಳ್ಳೋದು," ಎಂದರು ಮೇಡಂ. "ನೀನು ಬೇರೆ ಯಾರದೋ ಉಸಿರು ಕೇಳ್ತಾ ಇದೀಯ."

ಪರೀಕ್ಷೆ ಹತ್ತಿರದಲ್ಲೇ ಇತ್ತು. ಜೋಡಿವಾದನದಲ್ಲಿ ಇಬ್ಬರಿಗೂ ಒಂದೇ ಅಂಕ. ಒಬ್ಬರು ಎಡವಿದರೆ ಇಬ್ಬರೂ ಬಿದ್ದಂತೆ. ಚೆನ್ನಾಗಿ ನುಡಿಸಿದವರಿಗೆ ಕಾಲೇಜಿನ ವಾದ್ಯವೃಂದದಲ್ಲಿ ಜಾಗ. ಮುಂದಿನ ವಾರವೂ ಹೀಗೇ ಆದರೆ ಹುಡುಗನಿಗೆ ಬೇರೆ ಜೊತೆ ಹುಡುಕಬೇಕಾಗುತ್ತದೆ ಎಂದು ಮೇಡಂ ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಆ ರಚನೆ ಅವಳಿಗೆ ಹೊಸದಾಗಿದ್ದರೆ ಮಾತು ಬೇರೆ. ಲಂಗ ತೊಡುವ ವಯಸ್ಸಿನಿಂದ ಅಕ್ಕನ ಜೊತೆ ನುಡಿಸಿದ್ದು ಅದನ್ನೇ. ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಎಡಕ್ಕೆ, ಅವಳು ಬಲಕ್ಕೆ. ಅಕ್ಕ ಮೇಲಿನ ಭಾಗ, ಅವಳು ಕೆಳಗಿನದು. ನಡುವೆ ಕುಕ್ಕರ್ ಸೀಟಿ ಹೊಡೆದರೆ ಶ್ರುತಿ ಸರಿಯಿಲ್ಲವೆಂದು ಅಮ್ಮ ಕುಕ್ಕರನ್ನೇ ಬೈಯುತ್ತಿದ್ದಳು. ಅಕ್ಕ ಮೊದಲೇ ಶಾಲೆ ಮುಗಿಸಿದಳು. ಒಬ್ಬಳೇ ಸಂಗೀತ ಕಾಲೇಜು ಸೇರಬಹುದಿತ್ತು. ಪುಟ್ಟಿಯದೂ ಮುಗಿಯಲಿ, ಇಬ್ಬರೂ ಒಟ್ಟಿಗೇ ಹೋಗುತ್ತೇವೆ ಎಂದು ಹಟ ಹಿಡಿದು ಮನೆಯಲ್ಲೇ ಉಳಿದಳು. ಕೊನೆಗೆ ಒಂದೇ ದಿನ, ಒಂದೇ ಕೋಣೆಯಲ್ಲಿ, ಒಬ್ಬಳ ಹಿಂದೊಬ್ಬಳು ನುಡಿಸಿ ಬಂದರು. ಕಾಲೇಜಿನವರು ತಂಗಿಯನ್ನು ತೆಗೆದುಕೊಂಡರು.

ಒಬ್ಬಳಿಗಾದರೂ ಸಿಕ್ಕಿತಲ್ಲ ಎಂದು ಅಕ್ಕ ನಕ್ಕಿದ್ದಳು. ಆಮೇಲೆ ಕನ್ನಡಕದ ಅಂಗಡಿಗೆ ಸೇರಿದಳು. ಅವಳ ಪಿಟೀಲು ಬೀರುವಿನ ಮೇಲೇರಿತು. ಅಂದಿನಿಂದ ತಂಗಿ ಮನೆಯಲ್ಲಿ ಪೆಟ್ಟಿಗೆ ತೆರೆದಿಲ್ಲ. ನುಡಿಸಬೇಡ ಎಂದು ಯಾರೂ ಅನ್ನಲಿಲ್ಲ, ನುಡಿಸು ಎಂದೂ ಯಾರೂ ಅನ್ನಲಿಲ್ಲ. ಅಭ್ಯಾಸವೆಲ್ಲ ಕಾಲೇಜಿನಲ್ಲೇ ಮುಗಿಸಿ, ಬಾಯಿ ಮುಚ್ಚಿದ ಪೆಟ್ಟಿಗೆಯೊಂದಿಗೆ ಮನೆಗೆ ಬರುತ್ತಾಳೆ. ಅಕ್ಕ ಪಕ್ಕದ ಮಂಚದಲ್ಲೇ ಮಲಗುತ್ತಾಳೆ, ಒಂದೇ ತಟ್ಟೆಯಿಂದ ಕಿತ್ತು ತಿನ್ನುತ್ತಾಳೆ, ಆದರೂ ತಂಗಿಗೆ ಅಕ್ಕನನ್ನು ನೋಡದೆ ಎಷ್ಟೋ ಕಾಲವಾಯಿತು ಅನ್ನಿಸುತ್ತದೆ.

ಅಂದು ಊಟದ ಬಿಡುವಿನಲ್ಲಿ ಅವಳು ನೇರ ಅಂಗಡಿಗೆ ಹೋದಳು. ಅಕ್ಕ ಹಿಂಭಾಗದ ಮೇಜಿನಲ್ಲಿ ದೀಪದಡಿ ಕೂತು ಫ್ರೇಮಿಗೆ ಗಾಜು ಕೂರಿಸುತ್ತಿದ್ದಳು. ತುಟಿಗಳ ನಡುವೆ ಸಾಸಿವೆಯಂಥ ಒಂದು ಸ್ಕ್ರೂ ಇತ್ತು. ತಂಗಿ ನಡೆದದ್ದನ್ನೆಲ್ಲ ಹೇಳಿದಳು. ತಲೆಯೆತ್ತದೆಯೇ ಅಕ್ಕ, ಎಲ್ಲಿ ಗುನುಗು ಎಂಬಂತೆ ಬೆರಳಾಡಿಸಿದಳು. ತಂಗಿ ತನ್ನ ಕೆಳಗಿನ ಭಾಗ ಹಿಡಿದಳು. ಸ್ವಲ್ಪ ಹೊತ್ತಿಗೆ, ಯಾರೂ ಕೇಳದೆ, ಮೇಲಿನ ಭಾಗವೂ ಬಂದು ಸೇರಿತು. ಬಾಯಲ್ಲಿ ಸ್ಕ್ರೂ ಇಟ್ಟುಕೊಂಡೇ ಅಕ್ಕ ಮೂಗಿನಲ್ಲಿ ಗುನುಗುತ್ತಿದ್ದಳು, ಒಂದು ಸ್ವರವೂ ಮರೆತಿರಲಿಲ್ಲ. ಸಾಲಿನ ಕೊನೆಗೆ ಬಂದಾಗ ಅಕ್ಕನ ದನಿ ನಿಂತಿತು. ತಂಗಿಯದು ಒಂದೇ ಸ್ವರವನ್ನು ಹಿಡಿದು ನಿಂತಿತ್ತು.

ಅಕ್ಕ ಸ್ಕ್ರೂವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನಕ್ಕಳು.

"ಅಯ್ಯೋ ಪುಟ್ಟಿ, ಅಲ್ಲಿ ನಾನು ಹಾಳೆ ತಿರುಗಿಸ್ತಿದ್ದೆ ಕಣೇ."

ಇದ್ದದ್ದು ಒಂದೇ ಸ್ಟ್ಯಾಂಡು, ಒಂದೇ ಪುಸ್ತಕ. ಪುಟ ಮುಗಿಯುತ್ತಿದ್ದದ್ದು ಸರಿಯಾಗಿ ಅಲ್ಲಿ. ಅಕ್ಕ ಕಮಾನು ಇಳಿಸಿ, ಹಿಡ್ಕೊಂಡಿರು ಬಂದೆ ಎಂದು ಹೇಳಿ, ಬೆರಳನ್ನು ನಾಲಗೆಗೆ ತಾಗಿಸಿ ಹಾಳೆ ಮಗುಚುತ್ತಿದ್ದಳು. ಕೆಲವೊಮ್ಮೆ ಎರಡು ಹಾಳೆ ಅಂಟಿಕೊಂಡು ಬರುತ್ತಿದ್ದವು. ಅಷ್ಟು ಹೊತ್ತೂ ತಂಗಿ ಒಬ್ಬಳೇ ಸ್ವರವನ್ನು ಹಿಡಿದಿರಬೇಕು, ಬಿಟ್ಟರೆ ಅಕ್ಕನಿಗೆ ಬಂದು ಸೇರಲು ಜಾಗವಿಲ್ಲ. ವರ್ಷಗಟ್ಟಲೆ ಹಾಗೆ ಹಿಡಿದು ಹಿಡಿದು, ಆ ಕಾಯುವಿಕೆಯನ್ನೇ ಅವಳು ಸಂಗೀತವೆಂದು ಕಲಿತುಬಿಟ್ಟಿದ್ದಳು. ಕಾಲೇಜಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಹಾಳೆ, ಮಗುಚುವ ಪ್ರಶ್ನೆಯೇ ಇಲ್ಲ.

"ಅದು ಪಾಠದಲ್ಲಿಲ್ಲ, ಬಿಟ್ಬಿಡು," ಎಂದಳು ಅಕ್ಕ.

ನೀನೂ ಬಾ, ಸಂಜೆಗಾದರೂ ಒಮ್ಮೆ ನುಡಿಸೋಣ ಎನ್ನುವುದು ತಂಗಿಯ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಕ್ಕನ ಎಡಗೈ ದೀಪದಡಿ ಕಾಣಿಸಿತು. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದ ಬೆರಳ ತುದಿಗಳು ಈಗ ಮೆತ್ತಗಾಗಿದ್ದವು, ಎಲ್ಲರ ಬೆರಳುಗಳ ಹಾಗೆ. ತಂಗಿಯ ಬಾಯಿಗೆ ಬೇರೆ ಮಾತೇ ಬಂತು.

"ಪರೀಕ್ಷೆ ದಿನ ಹೊರಗಿನವರೂ ಕೂತು ಕೇಳಬಹುದು ಅಕ್ಕ. ಬರ್ತೀಯಾ?"

ಅಂಗಡಿ ಬಿಟ್ಟು ಹೇಗೆ ಬರಲಿ ಎಂದು ಅಕ್ಕ ಗಾಜನ್ನು ಬಟ್ಟೆಯಿಂದ ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುತ್ತ, ಯಾವತ್ತು ಎಂದು ಕೇಳಿದಳು.

ಕೈಗೆ ಅಂಟಿದ್ದನ್ನು ಬಿಡಿಸುವುದು ಕಲಿಯುವುದಕ್ಕಿಂತ ಕಷ್ಟವಾಯಿತು. ತಾನು ಯಾಕೆ ನಿಲ್ಲುತ್ತೇನೆಂದು ಅವಳು ಹೇಳಿದ ಮೇಲೆ ಏಣಿ ಮರ ನೋಡುವುದನ್ನು ಬಿಟ್ಟ. ಕುರ್ಚಿಯನ್ನು ಹತ್ತಿರಕ್ಕೆಳೆದು, ಆ ಜಾಗ ಬಂದಾಗಲೆಲ್ಲ ಗೂಳಿಯ ಹಾಗೆ ಬುಸ್ಸೆಂದು ಉಸಿರೆಳೆದ. ಮೇಡಂ ನಗು ತಡೆಯಲಾರದೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಮುರಿಯುತ್ತ, ಮತ್ತೆ ಮೊದಲಿನಿಂದ ಶುರುಮಾಡುತ್ತ, ಒಂದು ದಿನ ಇಬ್ಬರೂ ಒಟ್ಟಿಗೇ ಮುಂದಿನ ಸಾಲಿಗೆ ದಾಟಿದರು. ಹುಡುಗ ಖುಷಿಯಿಂದ ತೊಡೆ ತಟ್ಟಿಕೊಂಡ. ಅವಳಿಗೆ ಅಳು ಬಂತು. ಆ ಸ್ವರದ ಮೇಲೆ ನಿಂತಷ್ಟು ಹೊತ್ತು ಅಕ್ಕ ಇನ್ನೇನು ಬರುವವಳಿದ್ದಳು. ಈಗ ಅಷ್ಟು ಜಾಗವೂ ಇರಲಿಲ್ಲ.

ಪರೀಕ್ಷೆಯ ದಿನ ಸಭಾಂಗಣದಲ್ಲಿ ಮುಂದೆ ಪರೀಕ್ಷಕರು, ಹಿಂದೆ ಅಲ್ಲೊಬ್ಬರು ಇಲ್ಲೊಬ್ಬರು. ಅವಳು ತಂತಿ ಬಿಗಿಮಾಡುತ್ತಿದ್ದಾಗ ಕೊನೆಯ ಬಾಗಿಲು ಸರಿಯಿತು. ಅಂಗಡಿಯ ನೀಲಿ ಕೋಟನ್ನೂ ಕಳಚದೆ ಅಕ್ಕ ಬಂದು ಹಿಂದಿನ ಸಾಲಿನಲ್ಲಿ, ಎಡತುದಿಗೆ ಕೂತಳು. ಬಲಗಡೆಯ ಕುರ್ಚಿ ಖಾಲಿಯಿತ್ತು.

ಹುಡುಗ ಮೆಲ್ಲಗೆ ಉಸಿರೆಳೆದ, ಇಬ್ಬರೂ ನುಡಿಸಲು ಶುರುಮಾಡಿದರು. ಅವಳ ಕಮಾನು ಹಗುರಾಗಿ ಹೋಗುತ್ತಿತ್ತು. ಆ ಸ್ವರ ಹತ್ತಿರ ಬಂದಂತೆ ಅವಳಿಗೆ ನಿಲ್ಲಬೇಕೆನ್ನಿಸಿತು; ಇಂದು ಒಂದೇ ಒಂದು ಸಲ ನಿಂತುಬಿಡಬೇಕು, ಅಂಕ ಹೋದರೆ ಹೋಗಲಿ ಎನ್ನುವಷ್ಟು. ಪಕ್ಕದಲ್ಲಿ ಹುಡುಗನ ಉಸಿರು ಕೇಳಿಸಿತು. ಅವಳು ಅವನ ಜೊತೆಗೇ ದಾಟಿದಳು, ಕೂದಲೆಳೆಯಷ್ಟೂ ಹಿಂದುಳಿಯದೆ.

ದಾಟಿದ ಮೇಲೆ ಕಣ್ಣೆತ್ತಿ ನೋಡಿದಳು. ಹಿಂದಿನ ಸಾಲಿನಲ್ಲಿ ಅಕ್ಕ ಬೆರಳನ್ನು ನಾಲಗೆಗೆ ತಾಗಿಸಿ ಕೈಯನ್ನು ಮುಂದಕ್ಕೆ ಚಾಚಿದ್ದಳು. ಎದುರಿಗಿದ್ದದ್ದು ಯಾರೂ ಕೂರದ ಒಂದು ಕುರ್ಚಿಯ ಬೆನ್ನು. ಕೈ ಅಲ್ಲೇ ನಿಂತಿತ್ತು. ಸಂಗೀತ ಆಗಲೇ ಮುಂದಿನ ಪುಟಕ್ಕೆ ಹೋಗಿತ್ತು.