ಪರಂಗಿ ತಿಂದ ಬಾವಲಿ

ಬಾದಾಮಿಯಂಥ ಗಲಿಪ್ ಕಾಯಿ ಮರದಿಂದ ಉದುರುವ ಕಾಲದ ಒಂದು ಬೆಳಗ್ಗೆ, ನಮ್ಮ ಬೂಗನ್‌ವಿಲ್ ದ್ವೀಪದ ಅಂತರ್ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿದ ನನ್ನನ್ನು ಕಾಡಿನ ಆಸ್ಪತ್ರೆಗೆ ಹೊತ್ತು ತಂದರು. ಯುದ್ಧದ ದಿಗ್ಬಂಧನದಿಂದ ಹಡಗು ಬರದೆ ಔಷಧ ಮುಗಿದಿತ್ತು. ನರ್ಸ್ ಪೆಲಾಜಿಯಾ ಗಾಯಕ್ಕೆ ಪರಂಗಿ ಹಣ್ಣು ಅರೆದು ಕಟ್ಟುತ್ತಿದ್ದಳು. ಗಾಯ ಕೊಳೆತರೆ ಕಾಲು ಕತ್ತರಿಸಬೇಕಿತ್ತು. ಮಾರನೆಯ ದಿನಕ್ಕೆಂದು ಅವಳಿಟ್ಟ ಹಣ್ಣನ್ನು ನಾನು ಹಸಿವು ತಾಳದೆ ತಿಂದುಬಿಟ್ಟೆ.

“ಹಣ್ಣೆಲ್ಲೋ?”

“ಬಾವಲಿ ತಿಂತು, ಅಕ್ಕಾ.”

“ತಿಂದು ಬೀಜಾನ ನಿನ್ನ ಚಾಪೆ ಕೆಳಗೆ ಬಚ್ಚಿಡ್ತಾ? ಕಾಲು ಬೇಕೋ, ಹೊಟ್ಟೆ ಬೇಕೋ?”

“ಎರಡೂ ಬೇಕಲ್ಲಕ್ಕಾ.”

ಅವಳು ನಕ್ಕಳು. ಅಂದಿನಿಂದ ತನ್ನ ಪಾಲಿನ ಸುಟ್ಟ ಗೆಣಸನ್ನು ನನಗೆ ತಿನ್ನಿಸಿ, ಪರಂಗಿಯನ್ನು ಕಾಲಿಗೆ ಉಳಿಸಿದಳು. ಗಾಯ ಮಾಯಿತು. ಹೊರಡುವಾಗ ಅದೇ ಬೀಜಗಳನ್ನು ಕೈಗಿಟ್ಟು, “ಬೆಳೆಸಪ್ಪಾ ಬಾವಲಿ, ನನಗೊಂದು ಹಣ್ಣು ತಂದುಕೊಡು” ಎಂದಳು. ಎರಡೂ ಕಾಲಿನ ಮೇಲೆ ನಡೆದು ನಾನು ಹೊರಟೆ.