ಹಿಂದೆ ದೊಡ್ಡ ಗಾಲಿ, ಮುಂದೆ ಸಣ್ಣ ಗಾಲಿ

ಮಳೆ ಹಿಡಿದರೆ ಎರೆಮಣ್ಣಿನ ಹಾದಿ ಯಾರ ಮಾತನ್ನೂ ಕೇಳುವುದಿಲ್ಲ. ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಚಕ್ಕಡಿಯನ್ನು ಹಿಡಿದು ನಿಲ್ಲಿಸುತ್ತದೆ. ತೊಂಬತ್ತೆರಡರ ಶ್ರಾವಣದಲ್ಲಿ ನಮ್ಮ ಮೋಟೆಬೆನ್ನೂರಿನ ಜಟ್ಟೆಪ್ಪನ ಜೀಪನ್ನೂ ಹಿಡಿದು ನಿಲ್ಲಿಸಿತು.

ಜಟ್ಟೆಪ್ಪ ಅವತ್ತು ತಂಗಿ ಗುಡ್ಡವ್ವನ ಕುಬಸಕ್ಕೆ ಹೊರಟಿದ್ದ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಬಳೆ, ಉಂಡಿ ಒಯ್ಯಬೇಕಲ್ಲ. ಅವಳ ಗಂಡನ ಮನೆ ಇರುವುದು ಮೇಡ್ಲೇರಿಯಾಚೆ ಹೊಲದಲ್ಲಿ. ಡಾಂಬರು ಬಿಟ್ಟ ಮೇಲೆ ಎರಡು ಮೈಲಿ ಎರೆ ಹಾದಿ. ಅರ್ಧ ಹಾದಿಯಲ್ಲಿ ಜೀಪು ಹೂತು ಕುಳಿತಿತು. ನಾಲ್ಕು ಗಾಲಿಗೂ ಎಳೆತ ಇರುವ ಗಾಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ ಗಾಡಿಯನ್ನು ಕೊನೆಗೆ ಬೀಗರ ಎತ್ತುಗಳು ಎಳೆದು ತಂದವು. ಬೀಗರು ಒಬ್ಬರೂ ನಗಲಿಲ್ಲ. ಅವರು ನಕ್ಕಿದ್ದರೇ ಚೆನ್ನಾಗಿತ್ತು ಎಂದು ಜಟ್ಟೆಪ್ಪನಿಗೆ ಅನ್ನಿಸಿತು.

ಅವಮಾನವನ್ನಾದರೂ ನುಂಗಿಕೊಳ್ಳಬಹುದು. ಆದರೆ ಗುಡ್ಡವ್ವನ ಹೊಟ್ಟೆಯಲ್ಲಿ ಅವಳಿ ಇವೆ, ಹೆರಿಗೆ ಹೊಲದ ಮನೆಯಲ್ಲಿ ಬೇಡ, ದಿನ ತುಂಬುವ ಮೊದಲೇ ದವಾಖಾನೆಗೆ ಹತ್ತಿರ ಇರಲಿ ಎಂದು ರಾಣೇಬೆನ್ನೂರಿನ ಡಾಕ್ಟರು ಹೇಳಿದ್ದರು. ಮೋಟೆಬೆನ್ನೂರು ಹೆದ್ದಾರಿಯ ಊರು. ತವರಿಗೆ ಕರೆತಂದರೆ ಚಿಂತೆಯಿಲ್ಲ. ಕರೆತರಲು ಹದಿನೈದು ದಿನ ಉಳಿದಿತ್ತು, ಮಳೆಯೋ ನಿಲ್ಲುವ ಲಕ್ಷಣ ಕಾಣಲಿಲ್ಲ. ತುಂಬಿದ ಬಸುರಿಯನ್ನು ನಡುಹಾದಿಯ ಕೆಸರಿನಲ್ಲಿ ಕೂರಿಸಿಕೊಂಡು ಎತ್ತು ಹುಡುಕುವುದೆಂದರೇನು? ಜಟ್ಟೆಪ್ಪನಿಗೆ ಊಟ ರುಚಿಸಲಿಲ್ಲ.

ಮರುದಿನವೇ ಹಾವೇರಿಗೆ ಹೋಗಿ ಎರಡು ಟೈರು ತಂದ. ಜೀಪಿನ ಟೈರಿಗಿಂತ ಎರಡು ನಂಬರು ದೊಡ್ಡವು. ಎರಡೇ ಯಾಕೆ ಎಂದು ತಾಯಿ ಮುದುಕವ್ವ ಕೇಳಿದಳು. ಟ್ರ್ಯಾಕ್ಟರನ್ನು ನೋಡು, ಹಿಂದೆ ದೊಡ್ಡ ಗಾಲಿ, ಮುಂದೆ ಸಣ್ಣ ಗಾಲಿ, ಅದು ಎಂಥ ಕೆಸರಿನಲ್ಲೂ ಹೋಗುತ್ತದೆ, ಕಂಪನಿಯವರೇನು ಹುಚ್ಚರೇ ಎಂದು ಮಗ ತಿಳಿಸಿ ಹೇಳಿದ. ಮುದುಕವ್ವ ತಲೆಯಾಡಿಸಿದಳು. ಆದರೂ ಟೈರು ಹಾಕಿಸಲು ಹೊರಟಾಗ ತಾನೂ ಜೀಪು ಹತ್ತಿದಳು.

ರಾಣೇಬೆನ್ನೂರಿನ ಜಹಾಂಗೀರ ಮಿಲಿಟರಿಯ ಗಾಡಿಗಳನ್ನು ಹದಿನೈದು ವರ್ಷ ರಿಪೇರಿ ಮಾಡಿ ಬಂದು ಟೈರಿನ ಅಂಗಡಿ ಇಟ್ಟವನು. ಗಿರಾಕಿಗೆ ಬೇಡದ್ದನ್ನು ಮಾರುವವನಲ್ಲ. ಅವನು ಜಟ್ಟೆಪ್ಪನ ಟ್ರ್ಯಾಕ್ಟರ್ ಶಾಸ್ತ್ರವನ್ನು ಪೂರ್ತಿ ಕೇಳಿದ. ವಾದ ಮಾಡಲಿಲ್ಲ. ಎರಡೂ ಟೈರನ್ನು ಹಿಂದೆ ಹಾಕಿ, ಹಿಂದಿನ ಗಾಲಿಗೊಂದು ಮುಂದಿನ ಗಾಲಿಗೊಂದು ಸುಣ್ಣದ ಗೆರೆ ಎಳೆದು, ಜೀಪನ್ನು ಮೆಲ್ಲಗೆ ನೂಕಿಸಿದ. ಹಿಂದಿನ ಗಾಲಿಯ ಸುತ್ತು ಜಟ್ಟೆಪ್ಪ ಎಣಿಸಬೇಕು, ಮುಂದಿನದು ಮುದುಕವ್ವ. ಮಗ ಹತ್ತು ಎಂದಾಗ ತಾಯಿಯ ಲೆಕ್ಕ ಹನ್ನೊಂದು ದಾಟಿತ್ತು. ಅವ್ವನಿಗೆ ಎಣಿಸಲು ಬರುವುದಿಲ್ಲ ಎಂದ ಜಟ್ಟೆಪ್ಪ. ಇಬ್ಬರೂ ಜಾಗ ಬದಲಿಸಿ ಇನ್ನೊಮ್ಮೆ ಎಣಿಸಿದರು. ಲೆಕ್ಕ ಬದಲಾಗಲಿಲ್ಲ.

"ನಿಮ್ಮ ಊರಿನ ಟ್ರ್ಯಾಕ್ಟರಿಗೆ ಹಿಂದಷ್ಟ ಎಳೆತ ಐತಿ, ತಮ್ಮಾ," ಎಂದ ಜಹಾಂಗೀರ. "ಮುಂದಿನ ಗಾಲಿ ಸುಮ್ನ ಉರುಳತಾವ. ನಿನ್ನ ಜೀಪಿಗೆ ಗೇರಿನ ಬಾಜೂಕಿನ ಸಣ್ಣ ಲಿವರ್ ಹಾಕಿದಿ ಅಂದ್ರ ನಾಕೂ ಗಾಲಿ ಒಂದ ನೊಗಕ್ಕ ಕಟ್ಟಿದಂಗ. ದೊಡ್ಡ ಎತ್ತಿನ ಜೋಡಿ ಹೋರಿಗರ ಕಟ್ಟಿ ಬಿತ್ತಾಕ ಹೊಂಟಾವನ್ನ ಎಲ್ಲೆರ ನೋಡೀಯೇನು? ಕೆಸರಾಗ ಗಾಲಿ ಜಾರಿ ಹೆಂಗೋ ನಡೀತೈತಿ. ಗಟ್ಟಿ ನೆಲಕ್ಕ ಬಂದ್ರ ಒಳಗಿನ ಗೇರಿನ ಹಲ್ಲ ಮುರೀತಾವ."

ಹಾಗಾದರೆ ನಾಲ್ಕಕ್ಕೂ ಇಷ್ಟೇ ದೊಡ್ಡದು ಹಾಕು ಎಂದು ಜಟ್ಟೆಪ್ಪ ಹಟ ಹಿಡಿದ. ಹಟದಲ್ಲಿ ಅವನು ತೀರಿಹೋದ ಅಪ್ಪನ ಮಗ, ಅದರಲ್ಲಿ ಸಂಶಯವಿಲ್ಲ. ಜಹಾಂಗೀರ ಅದನ್ನೂ ಮಾಡಿ ತೋರಿಸಿದ. ಅದೇ ಟೈರುಗಳನ್ನು ಮುಂದಕ್ಕೆ ಹಾಕಿದ. ಖಾಲಿ ನಿಂತಾಗ ಸುತ್ತಲೂ ಜಾಗ ಇದ್ದಂತೆ ಕಂಡಿತು. ಮೂರು ಮಂದಿಯನ್ನು ಹತ್ತಿಸಿ, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಟೈರು ಒಳಗಿದ್ದ ಒಂದು ರಬ್ಬರ್ ಪೈಪಿಗೆ ತಾಗಿ ಉಜ್ಜಿತು. ಅದು ಏನು ಎಂದು ಮುದುಕವ್ವ ಬಗ್ಗಿ ನೋಡಿ ಕೇಳಿದಳು.

"ಬ್ರೇಕಿನ ಪೈಪು, ಯವ್ವಾ. ಉಜ್ಜಿ ಉಜ್ಜಿ ಒಂದಿನ ಹರೀತೈತಿ. ಹರೀಲಿಲ್ಲ ಅಂದ್ರೂ ಗಾಲಿ ಇಷ್ಟು ದೊಡ್ಡದಾದ್ರ ಗಾಡಿ ನಿಲ್ಲಾಕ ಹೆಚ್ಚು ದೂರ ಬೇಕು."

ಮುದುಕವ್ವ ಮಗನ ಕಡೆ ತಿರುಗಿದಳು.

"ಕೆಸರಾಗ ಸಿಕ್ಕೊಂಡ್ರ ನನ್ನ ಮಗಳು ಇಳದು ಬದುವಿನ ಮ್ಯಾಲೆ ನಿಲ್ಲತಾಳ. ಬ್ರೇಕ್ ಹೋದ್ರ ಆಕಿ ಎಲ್ಲಿ ಇಳೀಬೇಕೋ, ಜಟ್ಟ್ಯಾ?"

ಜಟ್ಟೆಪ್ಪ ತಾನೇ ಜಾಕಿ ತಂದು ಆ ಟೈರು ಬಿಚ್ಚತೊಡಗಿದ. ತಂಗಿಯೆಂದರೆ ಅವನಿಗೆ ಜೀವ.

ಜಹಾಂಗೀರನ ಮಾತಿನಂತೆ ಒಂದೇ ನಂಬರು ದೊಡ್ಡದಾದ ಟೈರು ಆರಿಸಿದರು. ಅಗಲವಾದದ್ದಲ್ಲ, ಆಳವಾದ, ದೂರದೂರ ಇರುವ ಹಲ್ಲುಗಳದ್ದು, ಎಂದರೆ ಆ ಹಲ್ಲಿನ ಸಂದಿಯಲ್ಲಿ ಎರೆಮಣ್ಣು ಮೆತ್ತಿಕೊಳ್ಳದೆ ಉದುರಿಹೋಗುವಂಥದ್ದು. ನಾಲ್ಕೂ ಒಂದೇ ಅಳತೆ, ಸ್ಟೆಪ್ನಿಯೂ ಅದೇ ಅಳತೆ. ಮಂದಿಯನ್ನು ಹತ್ತಿಸಿ, ಎರಡೂ ಕಡೆ ಸ್ಟೇರಿಂಗ್ ತಿರುಗಿಸಿ, ಎಲ್ಲೂ ತಾಗುವುದಿಲ್ಲ ಎಂದು ನೋಡಿದರು. ಬ್ರೇಕು ಬಿಗಿ ಮಾಡಿಸಿದರು. ಡಾಂಬರಿಗೆ ಬಂದ ಕೂಡಲೇ ಸಣ್ಣ ಲಿವರ್ ತೆಗೆಯಬೇಕೆಂದು ಜಹಾಂಗೀರ ಎರಡು ಸಲ ಹೇಳಿದ. ಮೂರನೆಯ ಸಲ ಮುದುಕವ್ವ ಹೇಳಿದಳು.

ಜಟ್ಟೆಪ್ಪ ಮೊದಲು ಖಾಲಿ ಜೀಪಿನಲ್ಲಿ ಒಬ್ಬನೇ ಆ ಹಾದಿಗೆ ಹೋಗಿ ಬಂದ. ಆಮೇಲೆ ತಾಯಿಯ ಜೊತೆ ತಂಗಿಯನ್ನು ಕರೆಯಲು ಹೋದ. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದಿತ್ತು. ಗುಡ್ಡವ್ವ ಹತ್ತಿದಾಗಿನಿಂದ ತಾಯಿಯ ಜೊತೆ ಮಾತಿಗೆ ಕುಳಿತಳು. ಅತ್ತೆಯ ಮಾತು, ಎಮ್ಮೆಯ ಮಾತು, ಕೂಸುಗಳಿಗೆ ಇಡುವ ಹೆಸರಿನ ಮಾತು. ಜಟ್ಟೆಪ್ಪ ಉಸಿರು ಬಿಗಿಹಿಡಿದು ಸ್ಟೇರಿಂಗ್ ಹಿಡಿದಿದ್ದ. ಜೀಪು ಒಂದೆರಡು ಕಡೆ ವಾಲಿತು, ಮಣ್ಣು ಎಸೆಯಿತು, ಆದರೆ ನಿಲ್ಲಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗುಡ್ಡವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಅಣ್ಣಾ, ಆ ಕೆಟ್ಟ ಹಾದಿ ಬಂದ್ರ ಮೊದ್ಲ ಹೇಳು, ನಾ ಗಟ್ಟಿ ಹಿಡಕೊಂಡು ಕುಂದರತೇನಿ," ಎಂದಳು.

ಜಟ್ಟೆಪ್ಪ ಡಾಂಬರು ರಸ್ತೆಗೆ ಬಂದು ಸಣ್ಣ ಲಿವರ್ ತೆಗೆದು ಆಗಲೇ ಒಂದು ಮೈಲಿಯಾಗಿತ್ತು.

ಜೀಪು ಇಟ್ಟುಕೊಂಡ ಅಣ್ಣಂದಿರೇ, ದೊಡ್ಡ ಗಾಲಿ ಬೇಕೆನಿಸಿದರೆ ಹಾಕಿಸಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ನಾಲ್ಕೂ ಒಂದೇ ಅಳತೆ ಇರಲಿ. ಭಾರ ಹೇರಿ, ಸ್ಟೇರಿಂಗ್ ತಿರುಗಿಸಿ, ಬ್ರೇಕು ಒತ್ತಿ ನೋಡಿ. ತಿಳಿದವರನ್ನು ಕೇಳಲು ನಾಚಬೇಡಿ. ಗಾಲಿ ಎಷ್ಟು ದೊಡ್ಡದು ಎಂದು ನೋಡುವ ಮೊದಲು, ನಿಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಎಂದು ಒಮ್ಮೆ ತಿರುಗಿ ನೋಡಿ.